ವಿಷಮೋಡ ಕವಿದಾಗ ಮೊದಲು ಕಾಲು, ಆಮೇಲೆ ಮಂತ್ರ

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ, ದಾಳ ಹಾಕಿ ಪಾತ್ರಗಳನ್ನು ಆಡಿಸುವ ಆಟದಲ್ಲಿ ಶತ್ರುವಿನ ವಿಷಮೋಡದ ಮಂತ್ರ ಬಿದ್ದ ಕೂಡಲೇ ಮೇಜಿನ ಸುತ್ತ ಕೂತ ಆಟಗಾರರೆಲ್ಲ ತಮ್ಮ ಪಾತ್ರದ ವಿವರವಿರುವ ಕ್ಯಾರೆಕ್ಟರ್ ಶೀಟ್ ತಿರುವಿಹಾಕಲು ಶುರುಮಾಡುತ್ತಾರೆ. ಯಾವ ಮಂತ್ರ ಉಳಿದಿದೆ, ಚೀಲದಲ್ಲಿ ಯಾವ ಔಷಧಿ ಇದೆ ಎಂದು ಹುಡುಕಾಟ. ನಕ್ಷೆಯ ಕಡೆ ಕಣ್ಣು ಹಾಯಿಸುವವರು ಕಡಿಮೆ. ಫೈರ್‌ಬಾಲ್ ಒಮ್ಮೆ ಸಿಡಿದರೆ ಮುಗಿಯಿತು, ಆದರೆ ಮೋಡ ಜಾಗ ಹಿಡಿದು ಕೂರುತ್ತದೆ. ಹಾಗಾಗಿ ಎಷ್ಟು ತಡೆದುಕೊಳ್ಳಬಲ್ಲೆ ಅನ್ನುವುದಕ್ಕಿಂತ ಎಲ್ಲಿ ನಿಂತಿದ್ದೇನೆ ಅನ್ನುವ ಪ್ರಶ್ನೆ ಮೊದಲು ಬರಬೇಕು. ಇವತ್ತಿನ ಮಾತೆಲ್ಲ ಈ ಕ್ರಮದ ಬಗ್ಗೆಯೇ.

ನಾನು ಆಧಾರವಾಗಿ ಇಟ್ಟುಕೊಂಡಿರುವುದು ಈ ಆಟದ ಐದನೇ ಆವೃತ್ತಿಯ 2014ರ ನಿಯಮಗಳನ್ನು. 2024ರಲ್ಲಿ ಪರಿಷ್ಕೃತ ನಿಯಮಗಳು ಬಂದಿವೆ. ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತೇನೆ. ನಿಮ್ಮ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಯಾವ ಪುಸ್ತಕ ಹಿಡಿದಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಿ. ಅನಿಲದ ವಿಷಯದಲ್ಲಿ ಈ ಎರಡರ ನಡುವಿನ ಅಂತರ ಸಣ್ಣದಲ್ಲ.

ಮುಖ್ಯವಾಗಿ ಎರಡು ಮಂತ್ರಗಳು. ಮೊದಲನೆಯದು ಸ್ಟಿಂಕಿಂಗ್ ಕ್ಲೌಡ್, ಮೂರನೇ ಹಂತದ್ದು. 90 ಅಡಿ ದೂರದಿಂದ ಹಾಕಬಹುದು, 20 ಅಡಿ ತ್ರಿಜ್ಯದ ಹಳದಿ ಗೋಳ, ಹೆಚ್ಚೆಂದರೆ ಒಂದು ನಿಮಿಷ. ಇದು ಕೊಲ್ಲುವುದಿಲ್ಲ, ಕೈಕಟ್ಟಿಹಾಕುತ್ತದೆ. ಸರದಿಯ ಆರಂಭದಲ್ಲಿ ಪೂರ್ತಿಯಾಗಿ ಮೋಡದೊಳಗಿದ್ದವರು ಕಾನ್‌ಸ್ಟಿಟ್ಯೂಷನ್ ಸೇವ್ ಹಾಕಬೇಕು, ಅಂದರೆ ದೇಹದ ತಾಳಿಕೆಯ ಬಲದ ಮೇಲೆ ಮಂತ್ರ ತಡೆಯಲು ದಾಳ ಉರುಳಿಸಬೇಕು. ಸೋತರೆ ಓಕರಿಕೆಯಲ್ಲೇ ಆ ಸರದಿಯ ಆಕ್ಷನ್ (ಹೊಡೆಯುವುದು, ಮಂತ್ರ ಹಾಕುವುದು ಮುಂತಾದ ಮುಖ್ಯ ಕೆಲಸ) ಹೋಯಿತು. ಎರಡನೆಯದು ಕ್ಲೌಡ್‌ಕಿಲ್, ಐದನೇ ಹಂತದ್ದು. 120 ಅಡಿ ದೂರ, ಅಷ್ಟೇ ದೊಡ್ಡ ಗೋಳ, ಹಳದಿ ಮಿಶ್ರಿತ ಹಸಿರು ಬಣ್ಣ, ಹತ್ತು ನಿಮಿಷದವರೆಗೆ. ಸೇವ್ ಸೋತರೆ 5ಡಿ8 (ಎಂಟು ಮುಖದ ಐದು ದಾಳಗಳ ಮೊತ್ತ) ವಿಷದ ಪೆಟ್ಟು, ಗೆದ್ದರೆ ಅದರ ಅರ್ಧ. ಎರಡಕ್ಕೂ ಹಾಕಿದವನ ಕಾನ್ಸಂಟ್ರೇಷನ್ ಬೇಕು, ಅಂದರೆ ಗಮನ ಬಿಡದೆ ಹಿಡಿದಿರಬೇಕು, ಒಮ್ಮೆಗೆ ಅಂಥ ಒಂದೇ ಮಂತ್ರ. ಎರಡೂ ಮೂಲೆ ತಿರುಗಿ ಹರಡುತ್ತವೆ, ಎರಡರೊಳಗೂ ಕಣ್ಣು ಕಾಣುವುದಿಲ್ಲ.

ಇನ್ನು ಲೆಕ್ಕ. ಒಂಬತ್ತನೇ ಲೆವೆಲ್‌ನ, ಬುದ್ಧಿ 20 ಇರುವ ವಿಝಾರ್ಡ್‌ನ ಸೇವ್ ಡಿಸಿ (ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಮೊತ್ತ) 17. ನಿಮ್ಮ ಕಾನ್‌ಸ್ಟಿಟ್ಯೂಷನ್ ಸೇವ್ +2 ಅಂದುಕೊಳ್ಳಿ. ದಾಳದಲ್ಲಿ 15 ಅಥವಾ ಹೆಚ್ಚು ಬೀಳಬೇಕು, ಅಂದರೆ ನೂರಕ್ಕೆ 30 ಸಲ ಗೆಲುವು. 5ಡಿ8ರ ಸರಾಸರಿ 22.5. ಸೋಲು ಗೆಲುವು ಎರಡನ್ನೂ ಸೇರಿಸಿದರೆ ಒಂದು ಸರದಿಗೆ ಸುಮಾರು 19 ಎಚ್‌ಪಿ (ಜೀವಬಲದ ಅಂಕ) ಹೋಗುತ್ತದೆ. ಈಗ ಆಂಟಿಟಾಕ್ಸಿನ್ ಕುಡಿದಿದ್ದೀರಿ ಎನ್ನಿ. 50 ಚಿನ್ನದ ನಾಣ್ಯದ ಸೀಸೆ ಅದು, ಒಂದು ಗಂಟೆ ವಿಷದ ವಿರುದ್ಧದ ಸೇವ್‌ಗಳಿಗೆ ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು. ಗೆಲುವು 30ರಿಂದ 51ಕ್ಕೆ ಏರುತ್ತದೆ. ಕೇಳಲು ಭರ್ಜರಿ. ಆದರೆ ಪೆಟ್ಟು 19ರಿಂದ ಸುಮಾರು 17ಕ್ಕೆ ಇಳಿಯಿತು, ಅಷ್ಟೇ! ಸೇವ್ ಗೆದ್ದರೂ ಅರ್ಧ ಪೆಟ್ಟು ತಪ್ಪುವುದಿಲ್ಲವಲ್ಲ, ಅದಕ್ಕೆ. ಅದೇ ಪ್ರೊಟೆಕ್ಷನ್ ಫ್ರಮ್ ಪಾಯ್ಸನ್ ಮಂತ್ರ ವಿಷದ ಪೆಟ್ಟಿಗೆ ರೆಸಿಸ್ಟೆನ್ಸ್ ಕೊಡುತ್ತದೆ, ಅಂದರೆ ಪೆಟ್ಟು ಅರ್ಧವಾಗುತ್ತದೆ: 19 ಇದ್ದದ್ದು ನೇರ ಒಂಬತ್ತೂವರೆ. ಎರಡನೇ ಹಂತದ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಅವಕಾಶ), ಒಂದು ಗಂಟೆ ಬಾಳಿಕೆ, ಕಾನ್ಸಂಟ್ರೇಷನ್ ಬೇಡ. ಕ್ಲೆರಿಕ್, ಡ್ರೂಯಿಡ್, ಪ್ಯಾಲಡಿನ್, ರೇಂಜರ್ ಎಂಬ ನಾಲ್ಕು ಬಗೆಯ ಪಾತ್ರಗಳಿಗೂ ಸಿಗುತ್ತದೆ. ಒಬ್ಬರನ್ನು ಮುಟ್ಟಿ ಒಬ್ಬರಿಗೇ ಹಾಕಬೇಕು ಅನ್ನುವುದೊಂದೇ ಕೊರತೆ. ಡ್ವಾರ್ಫ್ ಎಂಬ ಕುಳ್ಳ ಜನಾಂಗದ ಪಾತ್ರಗಳಿಗೆ ರೆಸಿಸ್ಟೆನ್ಸೂ ಅಡ್ವಾಂಟೇಜೂ ಹುಟ್ಟಿನಿಂದಲೇ ಇರುವುದರಿಂದ ಅವರ ಪಾಲಿಗೆ ಎಂಟರ ಆಸುಪಾಸು.

ಇದೆಲ್ಲಕ್ಕಿಂತ ಅಗ್ಗದ್ದು ನಡಿಗೆ. ಗೋಳದ ನಟ್ಟನಡುವೆ ಸಿಕ್ಕಿಕೊಂಡರೂ ಅಂಚಿಗೆ 20 ಅಡಿ. ಸಾಮಾನ್ಯ ಪಾತ್ರದ ವೇಗ 30 ಅಡಿ, ಡ್ವಾರ್ಫ್‌ಗೆ 25. ಆಕ್ಷನ್ ಖರ್ಚುಮಾಡಿ ಇನ್ನಷ್ಟು ದೂರ ಓಡುವ ಡ್ಯಾಷ್ ಕೂಡ ಬೇಡ. ಸರದಿಯ ಆರಂಭದ ಸೇವ್ ತಪ್ಪದು, ಎರಡನೆಯದು ತಪ್ಪುತ್ತದೆ, ಅಂದರೆ 19 ಎಚ್‌ಪಿ ಉಳಿತಾಯ, ಸ್ಲಾಟ್ ಖರ್ಚಿಲ್ಲದೆ. ಸ್ಟಿಂಕಿಂಗ್ ಕ್ಲೌಡ್‌ನಲ್ಲಂತೂ ಸೇವ್ ಸೋತವರು "ನನ್ನ ಸರದಿ ಹೋಯ್ತು" ಎಂದು ದಾಳ ಕೆಳಗಿಟ್ಟುಬಿಡುತ್ತಾರೆ. ಹೋದದ್ದು ಆಕ್ಷನ್ ಮಾತ್ರ. ನಡಿಗೆ ಹಾಗೇ ಇದೆ. 2014ರ ನಿಯಮದಲ್ಲಿ ಬೋನಸ್ ಆಕ್ಷನ್ (ಆಕ್ಷನ್ ಜೊತೆಗಿನ ಸಣ್ಣ ಕೆಲಸ) ಕೂಡ ಇದೆ, ರೋಗ್ ಪಾತ್ರ ಅದರಲ್ಲೇ ಡ್ಯಾಷ್ ಮಾಡಬಹುದು. 2024ರಲ್ಲಿ ಬೋನಸ್ ಆಕ್ಷನ್ ಕೂಡ ಕಿತ್ತುಕೊಂಡಿದ್ದಾರೆ, ನಡಿಗೆಯನ್ನು ಮುಟ್ಟಿಲ್ಲ.

ಓಡುವಾಗ ಶತ್ರು ಬೆನ್ನಿಗೆ ಹೊಡೆಯುವನಲ್ಲ ಎಂಬ ಅಂಜಿಕೆ ಬೇಡ. ಕೈಯಳತೆಯಿಂದ ಆಚೆ ಹೋಗುವವನನ್ನು ಹೊಡೆಯುವ ಆಪರ್ಚುನಿಟಿ ಅಟ್ಯಾಕ್‌ಗೆ ಅವನು ಕಣ್ಣಿಗೆ ಕಾಣಬೇಕು. ಮೋಡದೊಳಗೆ ಯಾರೂ ಯಾರಿಗೂ ಕಾಣರು. ಕತ್ತಲಲ್ಲಿ ಕಾಣುವ ಡಾರ್ಕ್‌ವಿಷನ್ ಮೋಡದಲ್ಲಿ ಕೆಲಸಕ್ಕೆ ಬಾರದು. ಕಣ್ಣಿನ ನೆರವಿಲ್ಲದೆಯೇ ಗ್ರಹಿಸುವ ಬ್ಲೈಂಡ್‌ಸೈಟ್ ಇರುವ ಪ್ರಾಣಿ ಎದುರಿಗಿದ್ದರೆ ಮಾತ್ರ ಎಚ್ಚರ.

ಯಾವ ಕಡೆಗೆ ಓಡಬೇಕು? ಹೆಚ್ಚಿನವರು ತಪ್ಪುವುದು ಇಲ್ಲೇ. ಬಂದ ದಾರಿಯಲ್ಲಿ ಹಿಂದಕ್ಕೆ ಓಡುತ್ತಾರೆ. ಕ್ಲೌಡ್‌ಕಿಲ್ ಹಾಕಿದವನ ಪ್ರತಿ ಸರದಿಯ ಆರಂಭದಲ್ಲಿ ಮೋಡ ಅವನಿಂದ ದೂರಕ್ಕೆ 10 ಅಡಿ ಉರುಳುತ್ತದೆ. ಹಿಂದಕ್ಕೆ ಓಡಿದವರ ಬೆನ್ನಿಗೇ ಅದು ಬರುತ್ತದೆ. ಬಯಲಾದರೆ ಚಿಂತೆಯಿಲ್ಲ, ನಿಮ್ಮ ವೇಗ ಮೂರು ಪಟ್ಟು. ಆದರೆ ನೆಲಮಾಳಿಗೆಯ ಓಣಿಯ ಕೊನೆ ಮುಚ್ಚಿದ್ದರೆ, ಇಲಿ ಬಿಲಕ್ಕೆ ಹೊಗೆ ಹಾಕಿದ ಹಾಗೆ ಆಗುತ್ತದೆ ಪಾಡು. ಆದ್ದರಿಂದ ಸಾಧ್ಯವಾದಾಗಲೆಲ್ಲ ಹಾಕಿದವನ ಕಡೆಗೇ ಓಡಿ, ಇಲ್ಲವೇ ಪಕ್ಕಕ್ಕೆ. ಮೋಡ ಸರಿದು ಹೋಗುವ ಕಡೆ ಅದು, ಜೊತೆಗೆ ಹೊಡೆಯಬೇಕಾದ ಮನುಷ್ಯನೂ ಅಲ್ಲೇ ಇದ್ದಾನೆ.

ಮುಂದಿನ ಸುತ್ತಿನಲ್ಲಿ ಮೋಡ ಎಲ್ಲಿರುತ್ತದೆ ಎಂದು ನಿಖರವಾಗಿ ಹೇಳಬಹುದು. ಶತ್ರು ತನ್ನ ಸರದಿ ಮುಗಿಸಿ ಎಲ್ಲಿ ನಿಂತ ನೋಡಿ. ಅಲ್ಲಿಂದ ಮೋಡದ ನಡುವಿಗೆ ಗೆರೆ ಎಳೆಯಿರಿ. ಅದೇ ಗೆರೆಯಲ್ಲಿ ಇನ್ನೂ 10 ಅಡಿ ಮುಂದಕ್ಕೆ ಮೋಡ ಹೋಗುತ್ತದೆ. ಜಾಣ ವಿಝಾರ್ಡ್ ಮಂತ್ರ ಹಾಕಿದ ಮೇಲೆ ಪಕ್ಕಕ್ಕೆ ಸರಿದು ನಿಲ್ಲುವುದು ಇದೇ ಕಾರಣಕ್ಕೆ, ಮೋಡವನ್ನು ಮೂಲೆಯಲ್ಲಿ ಅಡಗಿದವರ ಮೇಲೆ ತಿರುಗಿಸಲು. ನೀವು ಅವನನ್ನು ತಳ್ಳಿದರೂ ಗೆರೆ ಬದಲಾಗುತ್ತದೆ. ಅಂಚಿನಿಂದ ಹತ್ತಡಿಗಿಂತ ಹೆಚ್ಚು ಆಚೆ ನಿಲ್ಲಿ. 2014ರ ನಿಯಮದ ಅಧಿಕೃತ ವ್ಯಾಖ್ಯಾನದಂತೆ ಮೋಡ ಉರುಳಿ ಬಂದು ನಿಮ್ಮನ್ನು ಮುಚ್ಚಿದ ಕ್ಷಣಕ್ಕೆ ಪೆಟ್ಟಿಲ್ಲ, ನಿಮ್ಮ ಸರದಿ ಅಲ್ಲಿ ಶುರುವಾದಾಗ ಪೆಟ್ಟು. 2024ರಲ್ಲಿ ಮಂತ್ರ ಹಾಕಿದ ಕ್ಷಣಕ್ಕೂ ಪೆಟ್ಟು, ಉರುಳಿ ಬಂದಾಗಲೂ ಪೆಟ್ಟು, ಸರದಿ ಅಲ್ಲಿ ಮುಗಿಸಿದರೂ ಪೆಟ್ಟು. ಆದರೆ ಒಂದು ಸರದಿಗೆ ಒಂದೇ ಸಲ.

ಅಂಚಿನಲ್ಲೇ ನಿಲ್ಲುವುದರ ಇನ್ನೊಂದು ಅಪಾಯ ನೂಕಾಟ. ಒಂದು ಸರದಿಯಲ್ಲಿ ಮೊದಲ ಸಲ ಮೋಡ ಹೊಕ್ಕವರಿಗೆ ಸೇವ್. ಆ ಸರದಿ ಯಾರದ್ದಾದರೂ ಆಗಬಹುದು. ನೀವು ಹೊರಬಂದಿರಿ, ಶತ್ರುವಿನ ಬಂಟ ತನ್ನ ಸರದಿಯಲ್ಲಿ ಐದಡಿ ಒಳಕ್ಕೆ ತಳ್ಳಿದ, ಒಂದು ಸೇವ್. ಆಮೇಲೆ ನಿಮ್ಮ ಸರದಿ ಒಳಗೇ ಶುರುವಾಯಿತು, ಇನ್ನೊಂದು. ಒಂದೇ ಸುತ್ತಿನಲ್ಲಿ ಎರಡು.

ತಗ್ಗಿಗಂತೂ ಇಳಿಯಲೇಬೇಡಿ. ಕ್ಲೌಡ್‌ಕಿಲ್‌ನ ಆವಿ ಗಾಳಿಗಿಂತ ಭಾರ, ತಗ್ಗು ಹುಡುಕಿ ಇಳಿಯುತ್ತದೆ, ರಂಧ್ರಗಳಲ್ಲಿ ಸುರಿಯುತ್ತದೆ ಎಂದು ಮಂತ್ರದ ಪಠ್ಯದಲ್ಲೇ ಇದೆ. ಹಳ್ಳ, ಬಾವಿ, ಕೆಳಕ್ಕಿಳಿಯುವ ಮೆಟ್ಟಿಲು ಎಲ್ಲವೂ ಬೋನು. ಈ ವರ್ಣನೆ ಓದಿದರೆ ಕ್ಲೋರಿನ್ ನೆನಪಾಗದೆ ಇರದು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಬಿಟ್ಟ ಅನಿಲ ಅದು: ಹಳದಿ ಹಸಿರು, ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಕಂದಕಗಳಿಗೆ ಇಳಿದು ಅಲ್ಲೇ ಕೂರುತ್ತಿತ್ತು. ಆಟದಲ್ಲೂ ಏರು ಜಾಗವೇ ಮೇಲು. ಆದರೆ ಹತ್ತುವುದಕ್ಕೆ ಅಡಿಗೆ ಎರಡಡಿ ನಡಿಗೆ ಖರ್ಚು, 30 ಅಡಿ ವೇಗದವರು ಹತ್ತುವುದು 15 ಅಡಿ ಮಾತ್ರ. ನೆಲಮಟ್ಟದಲ್ಲಿ ಕೇಂದ್ರವಿರುವ ಮೋಡದ ಎತ್ತರ 20 ಅಡಿ. ಡ್ಯಾಷ್ ಇಲ್ಲದೆ ಗೋಡೆ ಹತ್ತಿ ಪಾರಾಗಲು ಹೋದವರು ಮುಂದಿನ ಸರದಿಯನ್ನು ಮೋಡದೊಳಗೇ ಶುರುಮಾಡುತ್ತಾರೆ. ಹಾರುವವರಿಗೆ ಈ ತಾಪತ್ರಯವಿಲ್ಲ.

ಕಾಲು ಕೈಕೊಡುವುದು ಯಾವಾಗ? ನೆಲ ನಡೆಯಲು ಕಷ್ಟವಾದಾಗ, ಅಥವಾ ಯಾರೋ ಹಿಡಿದುಕೊಂಡಾಗ. ವೆಬ್, ಎಂಟ್ಯಾಂಗಲ್, ಸ್ಪೈಕ್ ಗ್ರೋತ್ ಎಂಬ ಮಂತ್ರಗಳು ನೆಲವನ್ನು ಡಿಫಿಕಲ್ಟ್ ಟೆರೇನ್ ಮಾಡುತ್ತವೆ, 30 ಅಡಿ 15 ಆಗುತ್ತದೆ, ಗೋಳದ ನಡುವಿನಿಂದ ಅಂಚು ತಲುಪದು. ಇನ್ನೂ ಕೆಟ್ಟದ್ದು ಸ್ಕೆಲಿಟನ್, ಝೋಂಬಿಗಳನ್ನು ಮುಂದೆ ಬಿಟ್ಟು ಅವುಗಳ ಮೇಲೆಯೇ ಮೋಡ ಹಾಕುವ ತಂತ್ರ. ಅವುಗಳಿಗೆ ವಿಷ ತಟ್ಟುವುದೇ ಇಲ್ಲ. ಅವು ನಿಮ್ಮನ್ನು ಗ್ರ್ಯಾಪಲ್ ಮಾಡಿದರೆ (ಹಿಡಿದುಕೊಂಡರೆ) ವೇಗ ಸೊನ್ನೆ. ಬಿಡಿಸಿಕೊಳ್ಳಲು ಆಕ್ಷನ್ ಬೇಕು. ಸ್ಟಿಂಕಿಂಗ್ ಕ್ಲೌಡ್ ಆ ಆಕ್ಷನ್ನನ್ನೇ ತಿನ್ನುತ್ತದೆ. ಆಗ ಕೆಲಸ ಹೊರಗಿರುವ ಗೆಳೆಯರದ್ದು: ಥಾರ್ನ್ ವಿಪ್ ಮಂತ್ರ ತಾಗಿದರೆ ಹತ್ತಡಿ ಎಳೆಯುತ್ತದೆ, ಥಂಡರ್‌ವೇವ್ ಸೇವ್ ಸೋತವರನ್ನು ಹತ್ತಡಿ ತಳ್ಳುತ್ತದೆ. ಹಿಡಿದವನ ಕೈಯಳತೆಯಿಂದ ಆಚೆ ಹೋದರೆ ಹಿಡಿತ ತಾನೇ ತಪ್ಪುತ್ತದೆ. ಪೆಟ್ಟು ಬೀಳುತ್ತದೆ, ನಿಜ. ಥಂಡರ್‌ವೇವ್‌ನ 2ಡಿ8 ಸರಾಸರಿ 9, ಮೋಡದ 19ಕ್ಕೆ ಹೋಲಿಸಿ.

ಸರಿ, ಈಗ ಮೋಡವನ್ನೇ ಅಳಿಸುವ ದಾರಿ. ಕ್ಲೌಡ್‌ಕಿಲ್‌ನ ಪಠ್ಯದಲ್ಲಿ "ಬಲವಾದ ಗಾಳಿ ಚದುರಿಸುವವರೆಗೆ" ಎಂದಿದೆ, ಚದುರಿದರೆ ಮಂತ್ರವೇ ಮುಗಿಯುತ್ತದೆ. ಗಸ್ಟ್ ಆಫ್ ವಿಂಡ್ ಎಂಬ ಎರಡನೇ ಹಂತದ ಮಂತ್ರ ಹೊರಡಿಸುವುದು ಸರಿಯಾಗಿ ಅದನ್ನೇ, ಬಲವಾದ ಗಾಳಿ: 60 ಅಡಿ ಉದ್ದ, 10 ಅಡಿ ಅಗಲ. ಎರಡನೇ ಹಂತದ ಸ್ಲಾಟ್ ಐದನೇ ಹಂತದ ಮಂತ್ರವನ್ನು ದಾಳ ಹಾಕದೆಯೇ ಮುಗಿಸುತ್ತದೆ. ಈ ಆಟದಲ್ಲಿ ಇಷ್ಟು ಲಾಭದ ವ್ಯಾಪಾರ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಣ್ಣು ಕಾಣಬೇಕೆಂದಿಲ್ಲ, ಮೋಡದೊಳಗಿಂದಲೂ ಹಾಕಬಹುದು. ಕೆಲವು ಡಿಎಂಗಳು ಹತ್ತಡಿ ಪಟ್ಟಿ ಮಾತ್ರ ತೆರವಾಗುತ್ತದೆ ಎನ್ನುತ್ತಾರೆ. ಹಾಗಂದರೂ ಪರವಾಗಿಲ್ಲ, ಓಡಲು ಅಷ್ಟು ಅಗಲ ಸಾಕು.

ಇದನ್ನು ಬಳಸುವಾಗ ಎಡವುವ ಜಾಗಗಳಿವೆ. ಗಸ್ಟ್‌ಗೆ ಕಾನ್ಸಂಟ್ರೇಷನ್ ಬೇಕು, ನೀವು ಹಿಡಿದಿದ್ದ ಬ್ಲೆಸ್ ಮಂತ್ರ ಬಿದ್ದುಹೋಗುತ್ತದೆ. ಗೆರೆಯಲ್ಲಿ ನಿಂತ ಗೆಳೆಯರೂ ಸ್ಟ್ರೆಂತ್ ಸೇವ್ ಸೋತರೆ 15 ಅಡಿ ತಳ್ಳಿಸಿಕೊಳ್ಳುತ್ತಾರೆ, ಹಿಂದೆ ಬಾವಿ ಇದೆಯೇ ನೋಡಿ. ಮುಖ್ಯವಾಗಿ, ಸ್ಟಿಂಕಿಂಗ್ ಕ್ಲೌಡ್ ತಕ್ಷಣ ಹೋಗುವುದಿಲ್ಲ: 2014ರ ಪಠ್ಯದಂತೆ ಗಂಟೆಗೆ 20 ಮೈಲಿಯ ಗಾಳಿಗೆ ಒಂದು ಸುತ್ತು, 10 ಮೈಲಿಯ ಗಾಳಿಗೆ ನಾಲ್ಕು ಸುತ್ತು ಬೇಕು. ಅಷ್ಟು ಹೊತ್ತು ಕಾನ್ಸಂಟ್ರೇಷನ್ ಬಿಡದೆ ಹಿಡಿಯಬೇಕು.

ಡ್ರೂಯಿಡ್ ಅಥವಾ ರೇಂಜರ್ ಇದ್ದರೆ ವಿಂಡ್ ವಾಲ್: 50 ಅಡಿ ಉದ್ದ, 15 ಅಡಿ ಎತ್ತರದ ಗಾಳಿಗೋಡೆ. ಮಂಜು, ಹೊಗೆ, ಅನಿಲ ಯಾವುದನ್ನೂ ಒಳಬಿಡದು. ಮೋಡ ಬರುವ ಗೆರೆಗೆ ಅಡ್ಡ ನಿಲ್ಲಿಸಬೇಕು. ವಾರ್ಡಿಂಗ್ ವಿಂಡ್ ಇನ್ನೂ ಅನುಕೂಲ, ಹತ್ತಡಿ ತ್ರಿಜ್ಯದ ಗಾಳಿ ನಿಮ್ಮ ಜೊತೆಗೇ ನಡೆದುಬರುತ್ತದೆ, ಹತ್ತು ನಿಮಿಷ ಇರುತ್ತದೆ. ಆದರೆ ಅದರೊಳಗೆ ಕಿವಿ ಕೇಳುವುದಿಲ್ಲ, ದೀವಟಿಗೆ ಆರಿಹೋಗುತ್ತದೆ.

ಬೇರೆ ಮಂತ್ರವನ್ನು ಅಳಿಸುವ ಡಿಸ್ಪೆಲ್ ಮ್ಯಾಜಿಕ್ ಸ್ಟಿಂಕಿಂಗ್ ಕ್ಲೌಡ್‌ಗೆ ಖಚಿತ. ಕ್ಲೌಡ್‌ಕಿಲ್‌ಗೆ ಮೂರನೇ ಸ್ಲಾಟ್‌ನಲ್ಲಿ ಹಾಕಿದರೆ ಡಿಸಿ 15ರ ಚೆಕ್ (ದಾಳದ ಪರೀಕ್ಷೆ). +5 ಇದ್ದವರಿಗೆ ನೂರಕ್ಕೆ 55. ಗಸ್ಟ್ ಇಲ್ಲದಾಗ ಮಾತ್ರ ಇದು. ಇವೆಲ್ಲಕ್ಕೂ ಮೊದಲು ಹಾಕಿದವನ ಕಾನ್ಸಂಟ್ರೇಷನ್ ಒಡೆಯಲು ನೋಡಿ: ಅವನಿಗೆ ಪೆಟ್ಟು ಬಿದ್ದರೆ ಸೇವ್ ಹಾಕಬೇಕು, ಡಿಸಿ 10, ಇಲ್ಲವೇ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದು. ಕಷ್ಟವೆಂದರೆ ಮಂತ್ರ ಹಾಕಿದ ಮೇಲೆ ಅವನು ಮೋಡವನ್ನು ನೋಡುತ್ತಿರಬೇಕೆಂಬ ನಿಯಮವಿಲ್ಲ. ಬಾಗಿಲ ಹಿಂದೆ ಸರಿದು ಚಿಲಕ ಹಾಕಿಕೊಂಡರೂ ಮೋಡ ಇರುತ್ತದೆ. ಹಾಗಾಗಿ ಬಿಲ್ಲುಗಾರರು ಮೋಡದ ಹೊರಗೆ, ಅವನು ಕಾಣುವ ಕಡೆ ಮೊದಲಿನಿಂದಲೂ ಇರುವುದು ಒಳ್ಳೆಯದು. ಇಡೀ ತಂಡ 40 ಅಡಿ ಅಗಲದೊಳಗೆ ಗುಂಪಾಗಿ ನಡೆಯುವುದು ಮೋಡಕ್ಕೆ ತಾಂಬೂಲ ಕೊಟ್ಟು ಕರೆದ ಹಾಗೆ. ಪ್ಯಾಲಡಿನ್‌ನ ಔರಾ (ಸುತ್ತಲಿನ ಪ್ರಭಾವಳಿ) ಹತ್ತಡಿಯೊಳಗಿದ್ದವರ ಸೇವ್ ಏರಿಸುತ್ತದೆಂದು ಅಂಟಿಕೊಂಡು ನಡೆಯುವ ತಂಡಗಳು ಈ ಇಕ್ಕಟ್ಟಿಗೆ ಬೀಳುತ್ತವೆ. ಅನಿಲ ಹಾಕುವ ಶತ್ರು ಎಂದು ಗೊತ್ತಿದ್ದರೆ ಚದುರಿ ನಡೆಯುವುದೇ ಸರಿ.

ಉಪಯೋಗಕ್ಕೆ ಬರುತ್ತದೆ ಎಂದು ನಂಬಿ ಕೆಡುವ ಕೆಲವನ್ನು ಹೇಳಲೇಬೇಕು. ಅಬ್ಸಾರ್ಬ್ ಎಲಿಮೆಂಟ್ಸ್, ಪ್ರೊಟೆಕ್ಷನ್ ಫ್ರಮ್ ಎನರ್ಜಿ ಎಂಬ ರಕ್ಷಣೆಯ ಮಂತ್ರಗಳೆರಡರ ಪಟ್ಟಿಯಲ್ಲೂ ಆಮ್ಲ, ಚಳಿ, ಬೆಂಕಿ, ಮಿಂಚು, ಗುಡುಗು ಇವೆ, ವಿಷ ಇಲ್ಲ. 2014ರ ಸ್ಟಿಂಕಿಂಗ್ ಕ್ಲೌಡ್ ಯಾರನ್ನೂ "ಪಾಯ್ಸನ್ಡ್" ಸ್ಥಿತಿಗೆ ತಳ್ಳುವುದಿಲ್ಲ, ಹಾಗಾಗಿ ಆ ಸ್ಥಿತಿಯನ್ನು ವಾಸಿಮಾಡುವ ಲೆಸರ್ ರೆಸ್ಟೊರೇಷನ್‌ಗೆ ಅಲ್ಲಿ ಕೆಲಸವಿಲ್ಲ. 2024ರ ಆಂಟಿಟಾಕ್ಸಿನ್ ಪಾಯ್ಸನ್ಡ್ ಸ್ಥಿತಿ ತಪ್ಪಿಸುವ ಸೇವ್‌ಗೆ ಮಾತ್ರ, ಕ್ಲೌಡ್‌ಕಿಲ್‌ಗೆ ಅಲ್ಲ. ಮಾಯವಾಗಿ ಬೇರೆಡೆ ಪ್ರತ್ಯಕ್ಷವಾಗುವ ಮಂತ್ರ ಮಿಸ್ಟಿ ಸ್ಟೆಪ್‌ಗೆ ಹೋಗುವ ಜಾಗ ಕಾಣಬೇಕು, ಮೋಡದೊಳಗಿನಿಂದ ಕಾಣದು. ಡೈಮೆನ್ಷನ್ ಡೋರ್ ಹಾಗಲ್ಲ, "ಉತ್ತರಕ್ಕೆ 100 ಅಡಿ" ಎಂದರೆ ಸಾಕು, ಜೊತೆಗೊಬ್ಬರನ್ನು ಕರೆದೊಯ್ಯಬಹುದು. ಇನ್ನು ಹಸಿರು ಡ್ರಾಗನ್‌ನ ವಿಷದುಸಿರು ಒಂದೇ ಕ್ಷಣದ್ದು, ಮೋಡವಾಗಿ ನಿಲ್ಲುವುದಿಲ್ಲ. ಅದರೆದುರು ಗಸ್ಟ್ ಹಾಕಿ ಪ್ರಯೋಜನವಿಲ್ಲ. ಅಲ್ಲಿ ರೆಸಿಸ್ಟೆನ್ಸೇ ಗತಿ.

ಉಸಿರು ಬಿಗಿಹಿಡಿಯುವುದೂ ಇದೇ ಸಾಲಿಗೆ ಸೇರಿದ್ದು. ಕ್ಲೌಡ್‌ಕಿಲ್‌ನಲ್ಲಿ ಉಸಿರು ಹಿಡಿದವರಿಗೂ, ಉಸಿರೇ ಬೇಡದವರಿಗೂ ಪೆಟ್ಟು ಉಂಟು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದಾಗ ಮೂಗು ಮುಚ್ಚಿದರೂ ಕಣ್ಣು ಉರಿಯುತ್ತದಲ್ಲ, ಹಾಗೆ. ಸ್ಟಿಂಕಿಂಗ್ ಕ್ಲೌಡ್ ಬೇರೆ: 2014ರಲ್ಲಿ ಉಸಿರು ಬೇಡದ ಜೀವಿಗಳು ತಾವಾಗಿಯೇ ಸೇವ್ ಗೆಲ್ಲುತ್ತವೆ. ಉಸಿರು ಹಿಡಿದ ಮನುಷ್ಯ ಆ ಲೆಕ್ಕಕ್ಕೆ ಬರುತ್ತಾನೆಯೇ ಎಂಬುದು ಡಿಎಂ ತೀರ್ಮಾನ, ಆಟಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ.

ಕೊಳ್ಳಲೋ ಗೆಲ್ಲಲೋ ಸಿಗುವ ವಸ್ತುಗಳಲ್ಲಿ ನೆಕ್ಲೆಸ್ ಆಫ್ ಅಡಾಪ್ಟೇಷನ್ ಈ ಎರಡೂ ಮಂತ್ರಗಳ ಹೆಸರು ಹೇಳಿಯೇ ಅಡ್ವಾಂಟೇಜ್ ಕೊಡುತ್ತದೆ, ಅಟ್ಯೂನ್‌ಮೆಂಟ್ (ಪಾತ್ರ ಆ ವಸ್ತುವಿನೊಂದಿಗೆ ಬೆಸೆದುಕೊಳ್ಳುವುದು) ಬೇಕು. ಪೆರಿಯಾಪ್ಟ್ ಆಫ್ ಪ್ರೂಫ್ ಅಗೇನ್ಸ್ಟ್ ಪಾಯ್ಸನ್ ಪೂರ್ತಿ ರಕ್ಷಣೆ, ಅಟ್ಯೂನ್‌ಮೆಂಟೂ ಬೇಡ, ಅಪರೂಪ ಅಷ್ಟೇ. ವಸ್ತುವಲ್ಲದಿದ್ದರೂ ಹೇಳಬೇಕಾದದ್ದು, ಗ್ಲೋಬ್ ಆಫ್ ಇನ್‌ವಲ್ನರಬಿಲಿಟಿ ಎಂಬ ಮಂತ್ರ ಹೊರಗಿನಿಂದ ಹಾಕಿದ ಐದನೇ ಹಂತದವರೆಗಿನ ಮಂತ್ರವನ್ನು ತಡೆಯುತ್ತದೆ, ಶತ್ರು ಅದನ್ನು ಏಳನೇ ಸ್ಲಾಟ್‌ನಲ್ಲಿ ಹಾಕಿದ್ದರೂ.

ಪ್ರಶ್ನೋತ್ತರದಿಂದ

ಒಬ್ಬರು ಕೇಳಿದ್ದು: ಮೋಡದೊಳಗೆ ಗೆಳೆಯ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ, ಎಷ್ಟು ಹೊತ್ತು ಇದೆ?

ಬಹಳ ಕಡಿಮೆ. ಸೊನ್ನೆ ಎಚ್‌ಪಿಯಲ್ಲಿರುವಾಗ ಬೀಳುವ ಯಾವ ಪೆಟ್ಟೂ ಒಂದು ಸೋತ ಡೆತ್ ಸೇವ್ (ಸಾವು ಬದುಕಿನ ದಾಳ, ಮೂರು ಸೋತರೆ ಸಾವು). ಕ್ಲೌಡ್‌ಕಿಲ್‌ನಲ್ಲಿ ಸೇವ್ ಗೆದ್ದರೂ ಅರ್ಧ ಪೆಟ್ಟು ಇದೆ, ಆದ್ದರಿಂದ ಪ್ರತಿ ಸರದಿಗೆ ಒಂದು ಸೋಲು ಗ್ಯಾರಂಟಿ. ಅದರ ಮೇಲೆ ಮಾಮೂಲಿ ಡೆತ್ ಸೇವ್. ಅವನ ಎರಡು ಸರದಿ ಕಳೆದರೆ ಎರಡು ಸೋಲು ಖಾತೆಯಲ್ಲಿವೆ, ಎರಡು ಡೆತ್ ಸೇವ್‌ಗಳಲ್ಲಿ ಒಂದು ಸೋತರೂ ಮುಗಿಯಿತು. ಹತ್ತರಲ್ಲಿ ಸುಮಾರು ಏಳು ಸಲ ಸಾವು. ದೂರದಿಂದ ವಾಸಿಮಾಡುವ ಹೀಲಿಂಗ್ ವರ್ಡ್‌ಗೆ ಅವನು ಕಾಣಬೇಕು, ಕಾಣುವುದಿಲ್ಲ. ಕ್ಯೂರ್ ವೂಂಡ್ಸ್‌ಗೆ ಮುಟ್ಟಿದರೆ ಸಾಕು, ಆದರೆ ಒಳಗೆ ಹೋದವರಿಗೆ ಸೇವ್. ಎಬ್ಬಿಸಿದರೂ ಅವನ ಸರದಿ ಮೋಡದೊಳಗೇ ಶುರುವಾಗಿ ಮತ್ತೆ ಬೀಳುತ್ತಾನೆ. ಎಳೆದು ತರುವುದೇ ಸರಿ. ಎಳೆಯುವಾಗ ವೇಗ ಅರ್ಧ. ಹೊರಗಿನಿಂದ ಹತ್ತಡಿ ಒಳಹೋಗಿ ಹತ್ತಡಿ ಎಳೆದು ತರಲು 10 ಜೊತೆಗೆ 20, ಒಟ್ಟು 30 ಅಡಿ. ಅದಕ್ಕಿಂತ ಆಳದಲ್ಲಿ ಬಿದ್ದಿದ್ದರೆ ನುಗ್ಗಬೇಡಿ, ಗಸ್ಟ್ ಹಾಕಿ.

ಇನ್ನೊಂದು ಪ್ರಶ್ನೆ: ಕ್ಲೌಡ್‌ಕಿಲ್ ಹಾಕಿ, ಮೇಲೆ ವಾಲ್ ಆಫ್ ಫೋರ್ಸ್ ಎಂಬ ಅದೃಶ್ಯ ಗೋಡೆಯ ಗುಮ್ಮಟ ಮುಚ್ಚಿದರೆ?

ಎರಡಕ್ಕೂ ಕಾನ್ಸಂಟ್ರೇಷನ್ ಬೇಕಾದ್ದರಿಂದ ಶತ್ರುಗಳು ಇಬ್ಬರಿರಬೇಕು. ಗುಮ್ಮಟಕ್ಕೆ ಡಿಸ್ಪೆಲ್ ಮ್ಯಾಜಿಕ್ ನಾಟುವುದಿಲ್ಲ, ಡಿಸ್‌ಇಂಟಿಗ್ರೇಟ್ ಮಾತ್ರ ಒಡೆಯುತ್ತದೆ. ಒಳಗೆ ಸಿಕ್ಕವರಲ್ಲಿ ಒಬ್ಬರ ಬಳಿ ಗಸ್ಟ್ ಇದ್ದರೆ ಅಲ್ಲೇ ಹಾಕಿ ಮೋಡ ಮುಗಿಸಬಹುದು. ಬರೀ ಗುಮ್ಮಟ ಯಾರನ್ನೂ ಕೊಲ್ಲುವುದಿಲ್ಲ. ಡೈಮೆನ್ಷನ್ ಡೋರ್ ಇಬ್ಬರನ್ನು ಹೊರಗೆ ಹಾಕುತ್ತದೆ. ಹೊರಗೆ ಉಳಿದವರು ಗೋಡೆ ಬಡಿಯುತ್ತ ನಿಲ್ಲಬಾರದು. ಇಬ್ಬರು ಶತ್ರುಗಳಲ್ಲಿ ಮೋಡ ಹಿಡಿದಿರುವವನು ಯಾರೆಂದು ಗುರುತಿಸಿ, ಇಡೀ ಸುತ್ತಿನ ಬಾಣವೆಲ್ಲ ಅವನೊಬ್ಬನ ಮೇಲೆ ಹೂಡಬೇಕು.